ಭಾವ ಹಿಡಿದ ಚೆಂಡು

ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು, ಈ ನಾಲ್ಕೂ ಊರುಗಳನ್ನು ಜಾಲಾಡಿದರೂ ಸಂಬಳಕ್ಕೆ ಫುಟ್‌ಬಾಲ್ ಆಡಿದವರು ಒಬ್ಬರೇ ಸಿಗುತ್ತಾರೆ. ಅವರು ನಮ್ಮ ಭಾವ, ಅಂದರೆ ನಮ್ಮಕ್ಕನ ಗಂಡ. ಕಸುಬು ದರ್ಜಿಯದು, ಅಂಗಡಿ ಹೊನ್ನಾಳಿಯಲ್ಲಿ. ಸಂಬಳವೆಂದರೆ ಆಟಕ್ಕೊಂದು ಹಣ್ಣಿನ ಜಾಮ್ ಡಬ್ಬಿ. ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡುತ್ತೇನೆ, ನಗಬೇಡಿ. ಅವರು ಫುಟ್‌ಬಾಲನ್ನು ಕೈಯಲ್ಲಿ ಹಿಡಿದು ಆಡುತ್ತಿದ್ದರು!

ನಕ್ಕಿರಲ್ಲವೇ? ಹೊನ್ನಾಳಿಯವರೂ ನಕ್ಕರು. ನಾನಂತೂ ನಾದಿನಿ, ನಗುವ ಹಕ್ಕು ನನಗೆ ಹುಟ್ಟಿನಿಂದಲೇ ಬಂದದ್ದು.

ಎರಡನೇ ಮಹಾಯುದ್ಧದಲ್ಲಿ ಭಾವ ಸೈನ್ಯಕ್ಕೆ ಸೇರಿದ್ದು ಬಂದೂಕು ಹಿಡಿಯಲಿಕ್ಕಲ್ಲ, ಸೂಜಿ ಹಿಡಿಯಲಿಕ್ಕೆ. ಯಾವುದೋ ಮರಳುಗಾಡಿನಲ್ಲಿ ಸಿಪಾಯಿಗಳ ಚಡ್ಡಿ, ಡೇರೆ ಹೊಲಿಯುತ್ತ ಕೂತಿದ್ದಾಗ ಪಕ್ಕದ ಬಿಡಾರದ ಆಸ್ಟ್ರೇಲಿಯಾದವರು ಹರಿದ ಚೆಂಡೊಂದನ್ನು ತಂದುಕೊಟ್ಟರಂತೆ. ಅದು ಅವರ ನಾಡಿನ ಫುಟ್‌ಬಾಲಂತೆ, ಗುಂಡಗಿರಲಿಲ್ಲ, ಸುಲಿಯದ ತೆಂಗಿನಕಾಯಿಯ ಹಾಗೆ ಉದ್ದಕ್ಕಿತ್ತು. ಭಾವ ಹೊಲಿದುಕೊಟ್ಟರು. ತಮ್ಮ ಹೊಲಿಗೆ ನಿಲ್ಲುತ್ತದೋ ಇಲ್ಲವೋ ನೋಡೋಣವೆಂದು ಮೈದಾನಕ್ಕೂ ಹೋದರು. ಆ ದಿನ ಅವರಲ್ಲೊಬ್ಬನಿಗೆ ಜ್ವರ ಬಂದಿತ್ತು. ಆಳು ಕಡಿಮೆ ಬಿತ್ತೆಂದು ದರ್ಜಿಯನ್ನೇ ಎಳೆದುಕೊಂಡರು. ಆಮೇಲೆ ಯಾರಿಗೂ ಜ್ವರವಿಲ್ಲದ ದಿನವೂ ಕರೆಯತೊಡಗಿದರಂತೆ!

ಯಾಕೆ ಗೊತ್ತೇ? ನಮ್ಮ ಭಾವ ಹಾರುತ್ತಿದ್ದರು. ಕುಳ್ಳ ಮನುಷ್ಯ, ಎದುರಾಳಿಯ ಬೆನ್ನನ್ನೇ ಏಣಿ ಮಾಡಿಕೊಂಡು ಹತ್ತಿ, ಮೇಲೆ ಹೋಗುತ್ತಿದ್ದ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ಇಳಿಯುತ್ತಿದ್ದರು. ಆ ಆಟದಲ್ಲಿ ಅದು ತಪ್ಪಲ್ಲವಂತೆ, ಹೆಚ್ಚುಗಾರಿಕೆಯಂತೆ! ಹಾಗೆ ಹಿಡಿದವನಿಗೆ ಎಲ್ಲರೂ ನಿಂತು ಜಾಗ ಬಿಡಬೇಕು. ಅವನು ಸಾವಕಾಶವಾಗಿ ಗುರಿಯಿಟ್ಟು ಒದೆಯಬೇಕು. ಯುದ್ಧ ಮುಗಿಸಿ ಬರುವಾಗ ಭಾವ ಕೊನೆಯ ಸಂಬಳದ ಡಬ್ಬಿಯನ್ನು ಒಡೆಯದೆ ಮನೆಗೆ ತಂದರು. ಜಾಮನ್ನು ಆಗ ಅಕ್ಕನ ಮನೆಯಲ್ಲೇ ಇದ್ದ ನಾನು ತಿಂದೆ, ಡಬ್ಬಿಯಲ್ಲಿ ಅಕ್ಕ ಸಾಸಿವೆ ತುಂಬಿದಳು.

ಸಂಬಳದ ಆಟಗಾರ ಬಂದಿದ್ದಾನೆಂದರೆ ಹೊನ್ನಾಳಿಯ ಹುಡುಗರು ಬಿಟ್ಟಾರೆಯೇ? ಚನ್ನಗಿರಿಯವರ ಮೇಲಿನ ಪಂದ್ಯಕ್ಕೆ ಭಾವನನ್ನು ಮುಂದೆ ನಿಲ್ಲಿಸಿದರು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆಲ್ಲ ಚೆಂಡು ಮೇಲಕ್ಕೆ ಬಂತು. ಭಾವ ಚನ್ನಗಿರಿಯವನೊಬ್ಬನ ಭುಜಕ್ಕೆ ಮಂಡಿ ಕೊಟ್ಟು ಹಾರಿ ಹಿಡಿದೇಬಿಟ್ಟರು. ತೀರ್ಪುಗಾರರಾಗಿದ್ದ ಡ್ರಿಲ್ ಮೇಷ್ಟ್ರು ಸೀಟಿ ಊದಿದರು. ಫೌಲೆಂದು ಊದಿದ್ದನ್ನು ಭಾವ ಶಹಬ್ಬಾಸ್‌ಗಿರಿ ಎಂದುಕೊಂಡರು. ಸರೀರಿ, ಸರೀರಿ ಎಂದು ಎಲ್ಲರನ್ನೂ ಹಿಂದೆ ಸರಿಸಿ, ನಿಧಾನವಾಗಿ ಓಡಿಬಂದು ಒದ್ದರು. ಚೆಂಡು ಹೊಳೆದಂಡೆಯಲ್ಲಿ ಒಣಹಾಕಿದ್ದ ಬಟ್ಟೆಗಳ ಮೇಲೆ ಬಿತ್ತು. ಭಾವ ಮಾತ್ರ ಮೇಷ್ಟ್ರ ಕೈ ಕುಲುಕಲು ಹೋದರು! ಹೊನ್ನಾಳಿಯವರು ಅಂದೇ ಅವರನ್ನು ತಂಡದಿಂದ ತೆಗೆದರು. ಚನ್ನಗಿರಿಯವರು, ಅಯ್ಯೋ ಯಾಕೆ ತೆಗೆದ್ರಿ, ಇನ್ನೊಂದು ಸಲ ಆಡಿಸಿ ಎಂದು ಕೇಳಿಕೊಂಡರಂತೆ.

ಬೇರೆಯವರಾಗಿದ್ದರೆ ಅಷ್ಟಕ್ಕೇ ಬಿಡುತ್ತಿದ್ದರು. ನಮ್ಮ ಭಾವ ಆ ಉದ್ದನೆಯ ಚೆಂಡನ್ನೇ ಮಾಡಿಸಲು ನ್ಯಾಮತಿಗೆ ಹೊರಟರು. ಅಲ್ಲಿ ಚಪ್ಪಲಿ ಹೊಲಿಯುವ ಅಜ್ಜ ಎಲ್ಲ ಕೇಳಿಸಿಕೊಂಡು, ಇಂಥ ಸೊಟ್ಟ ಚೆಂಡು ಹೊಲಿದರೆ ನಾಳೆ ನನ್ನ ಹತ್ತಿರ ಜೋಡು ಹೊಲಿಸಾಕೆ ಯಾರು ಬರ್ತಾರೆ ಎಂದು ಕೈಮುಗಿದನಂತೆ. ಕೊನೆಗೆ ಭಾವ ಅವನಿಂದ ತೊಗಲು ತಂದು ತಾವೇ ಹೊಲಿದರು. ಗಿರಾಕಿಗಳ ಹಬ್ಬದ ಅಂಗಿ ಹಾಗೇ ಉಳಿದವು, ಚೆಂಡು ಮಾತ್ರ ಹೊತ್ತಿಗೆ ಸರಿಯಾಗಿ ತಯಾರಾಯಿತು!

ದಿನಾ ಬೆಳಿಗ್ಗೆ ಹಿತ್ತಲಲ್ಲಿ ಅಭ್ಯಾಸ ನಡೆಯುತ್ತಿತ್ತು. ಅಕ್ಕ ಚೆಂಡನ್ನು ಮೇಲಕ್ಕೆಸೆಯಬೇಕು, ಭಾವ ಹಾರಿ ಹಿಡಿಯಬೇಕು. ಹಿಟ್ಟಿನ ಕೈಯಲ್ಲೇ ಅವಳು ಎಸೆಯುತ್ತಿದ್ದಳು, ಎಸೆದು ಮತ್ತೆ ರೊಟ್ಟಿ ತಟ್ಟುತ್ತಿದ್ದಳು. ಚೆನ್ನಾಗಿ ಹಾರಿದಿರಿ ಎಂದೂ ಹೇಳಲಿಲ್ಲ, ಇದೇನು ಹುಚ್ಚು ಎಂದೂ ಬೈಯಲಿಲ್ಲ.

ಊರಿನವರಿಗೆ ಆಟಕ್ಕಿಂತ ಅದರ ಕಾನೂನಿನ ಮೇಲೆ ಅನುಮಾನ. ನಾಲ್ಕು ಕಂಬ ನೆಡಬೇಕಂತೆ. ನಡುವಿನ ಎರಡರ ಮಧ್ಯೆ ಹೋದರೆ ಗೋಲು, ತಪ್ಪಿ ಪಕ್ಕದಲ್ಲಿ ಹೋದರೂ ಒಂದು ಅಂಕವಂತೆ! ಇದನ್ನು ಕೇಳಿದ ಮೇಲೆ ಹೊನ್ನಾಳಿಯಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ. ದರ್ಜಿ ಯುದ್ಧಕ್ಕೇ ಹೋಗಿಲ್ಲ, ಯಾವುದೋ ಊರಲ್ಲಿ ಕೂತು ಕಥೆ ಕಟ್ಟಿಕೊಂಡು ಬಂದಿದ್ದಾನೆ ಎಂದು ತೀರ್ಮಾನಿಸಿದರು. ಹೊಳೆಯಲ್ಲಿ ಬಟ್ಟೆ ಒಗೆಯುವ ಹೆಂಗಸರು ಅಕ್ಕನನ್ನು ಚುಚ್ಚುತ್ತಿದ್ದರು. ಅಕ್ಕ ಬಟ್ಟೆಯನ್ನು ಇನ್ನಷ್ಟು ಜೋರಾಗಿ ಕಲ್ಲಿಗೆ ಬಡಿಯುತ್ತಿದ್ದಳೇ ಹೊರತು ಬಾಯಿ ಬಿಡುತ್ತಿರಲಿಲ್ಲ.

ಒಂದು ದಿನ ನಾನೂ ಏನೋ ಹಾಸ್ಯ ಮಾಡಿದೆ. ಭಾವ ನಗಲಿಲ್ಲ. ಗುಂಡಿ ಹಾಕುತ್ತಿದ್ದ ಅಂಗಿಯನ್ನು ಕೆಳಗಿಟ್ಟು, "ಊರು ನಂಬದಿದ್ರೆ ಬಿಡವ್ವ. ನಿಮ್ಮಕ್ಕ ನಂಬ್ಯಾಳೋ ಇಲ್ಲೋ, ಒಂದಿನಾನೂ ಹೇಳಿಲ್ಲ ನೋಡು" ಎಂದರು. ನೀವೇ ಕೇಳಬಾರದಾ ಎಂದೆ. ಕೇಳಿ ಹೇಳಿಸ್ಕೊಂಡ್ರೆ ಏನು ಬಂತು ಎಂದು ಸೂಜಿಗೆ ದಾರ ಪೋಣಿಸತೊಡಗಿದರು.

ಆ ವರ್ಷ ದೀಪಾವಳಿಗೆ ಅಪ್ಪ ಮಗಳು ಅಳಿಯನನ್ನು ಕರೆಸಿಕೊಂಡರು. ನಮ್ಮ ತವರು ಜಗಳೂರು ಕಡೆಯ ಬಿಳಿಚೋಡು. ಅಳಿಯಂದ್ರೆ, ಉಂಗುರ ಬೇಕೋ, ಜರಿಪಂಚೆ ಬೇಕೋ ಎಂದು ಅಪ್ಪ ಸಂಪ್ರದಾಯಕ್ಕೆ ಕೇಳಿದರು. ಭಾವ ಕೇಳಿದ್ದೇನು? ಶೇಂಗಾ ಕಿತ್ತ ಹೊಲವನ್ನು ಒಂದು ದಿನದ ಮಟ್ಟಿಗೆ ಕೊಡಿ ಎಂದು! ಆ ಆಟಕ್ಕೆ ಅಷ್ಟಗಲ ಬಯಲು ಬೇಕಂತೆ, ಹೊನ್ನಾಳಿಯಲ್ಲಿ ಸಿಕ್ಕಿರಲಿಲ್ಲ. ಅಪ್ಪನ ಮುಖ ಇಂಗು ತಿಂದ ಮಂಗನಂತಾಯಿತು. ಆದರೆ ಹಬ್ಬದ ದಿನ ಅಳಿಯನ ಮಾತು ತೆಗೆದುಹಾಕುವುದುಂಟೇ? ಒಪ್ಪಿದರು.

ಹೊಲದ ಎರಡು ತುದಿಯಲ್ಲೂ ಕಂಬ ನಿಲ್ಲಿಸುತ್ತಿದ್ದರೆ ದಾರಿಹೋಕರೆಲ್ಲ ಮದುವೆ ಯಾರದು, ಚಪ್ಪರ ಇಷ್ಟು ದೂರದೂರ ಯಾಕೆ ಹಾಕ್ತಿದೀರಿ ಎಂದು ಕೇಳುವವರೇ! ಒಂದೊಂದು ಕಡೆಗೆ ಹದಿನೆಂಟು ಜನ ಬೇಕು. ಭಾವ ಕುರಿ ಕಾಯುವವರನ್ನು, ಗಾಡಿ ಹೊಡೆಯುವವರನ್ನು ಕೈಕಾಲು ಹಿಡಿದು ಕರೆತಂದರು. ಆಡಿದವರಿಗೆ ಒಂದೊಂದು ಚಡ್ಡಿ ಹೊಲಿದುಕೊಡುವ ಕರಾರೂ ಆಯಿತು. ಅಷ್ಟಾದರೂ ಜನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸೇರಿದ್ದರು, ಅಷ್ಟೆ.

ಆಟ ಹೇಗಿತ್ತೆಂದು ಏನು ಹೇಳಲಿ! ಚೆಂಡು ಸಿಕ್ಕವನು ಯಾವ ಕಡೆಗೆ ಓಡಬೇಕೆಂದು ತಿಳಿಯದೆ ಊರ ಕಡೆಗೆ ಓಡಿದ. ಕುರಿಗಳು ನಡುವೆ ಬಂದವು, ಕುರಿಯವರು ಆಟ ಬಿಟ್ಟು ಕುರಿ ಹೊಡೆಯಲು ಹೋದರು. ಭಾವ ಆಟಗಾರರೂ ಅವರೇ, ತೀರ್ಪುಗಾರರೂ ಅವರೇ, ಕೂಗಿ ಕೂಗಿ ಗಂಟಲು ಕಟ್ಟಿತು. ಬದುವಿನ ಮೇಲೆ ಕೂತ ಊರು ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಅಪ್ಪ ತಲೆ ತಗ್ಗಿಸಿ ಕೂತಿದ್ದರು. ಅಕ್ಕನ ಮುಖ ನೋಡಿದೆ, ಏನೂ ತಿಳಿಯಲಿಲ್ಲ.

ಅಷ್ಟರಲ್ಲಿ ಯಾರೋ ಬೀಸಿ ಒದ್ದ ಚೆಂಡು ಮೇಲಕ್ಕೆ ಹೋಯಿತು. ಕೆಳಗೆ ಗಾಡಿ ಹೊಡೆಯುವ ಹುಸೇನ್‌ಸಾಬರು ನಿಂತಿದ್ದರು, ಆಜಾನುಬಾಹು ಆಳು. ಹಿಂದಿನಿಂದ ಭಾವ ಓಡಿಬಂದರು. ಮಂಡಿ ಸಾಬರ ಬೆನ್ನಿಗೆ, ಆಮೇಲೆ ಭುಜಕ್ಕೆ. ಆಮೇಲೆ ನಮ್ಮ ಭಾವ ಯಾವುದರ ಮೇಲೂ ಇರಲಿಲ್ಲ, ಬರೀ ಗಾಳಿಯಲ್ಲಿದ್ದರು. ಎರಡೂ ಕೈ ಚಾಚಿ ಚೆಂಡು ಹಿಡಿದರು. ಅಬ್ಬಾ! ಅಷ್ಟು ಚೆಂದದ್ದನ್ನು ನಾನು ಮತ್ತೆ ನೋಡಿಲ್ಲ. ನಗುತ್ತಿದ್ದ ಊರು ಬಾಯಿ ತೆರೆದುಕೊಂಡೇ ಕೂತಿತು. ಹೊಲದಲ್ಲಿದ್ದವರೆಲ್ಲ ಯಾರೂ ಹೇಳದೆಯೇ ನಿಂತುಬಿಟ್ಟರು.

ಇಳಿಯುವಾಗ ಮಾತ್ರ ಕಾಲು ಮಣ್ಣಿನ ಹೆಂಟೆಯ ಮೇಲೆ ಬಿದ್ದು ಮಂಡಿ ತಿರುಚಿತು. ಭಾವ ಚೆಂಡನ್ನು ಎದೆಗವಚಿಕೊಂಡೇ ಬಿದ್ದರು. ಸಾಬರು, ನಾನು ಅಲುಗಾಡಬಾರದಿತ್ತು ಕಣ್ರೀ ಎಂದು ಅಳುವಂತಾದರು. ನಾವೆಲ್ಲ ಓಡಿದೆವು. ಭಾವ ಏಳಲು ನೋಡಿದರು, ಆಗಲಿಲ್ಲ. ಆ ನೋವಿನಲ್ಲೂ ಅವರಿಗೆ ಕಾನೂನಿನದೇ ಚಿಂತೆ. ಹಿಡಿದವನಿಗೆ ಏಳಾಕೆ ಆಗದಿದ್ದರೆ ಅವನ ಕಡೆಯವರಲ್ಲಿ ಹತ್ತಿರ ಇರೋರು ಒದೀಬೌದು ಎಂದರು. ಅವರ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಪ್ಪನಿಗೆ ತಡೆಯಲಾಗಲಿಲ್ಲ.

"ಅಳಿಯಂದ್ರೆ, ಈ ಕಾನೂನು ಮೊದಲೇ ಇತ್ತೋ, ಈಗ ಹುಟ್ಟಿಸಿದ್ರೋ?"

ಭಾವ ಕಣ್ಣು ಮುಚ್ಚಿಕೊಂಡರು.

ಅಕ್ಕ ಪಕ್ಕದಲ್ಲಿ ಕೂತು ಅವರ ಹಣೆಯ ಮಣ್ಣು ಒರೆಸಿದಳು. ಎತ್ತಿ ಕೂರಿಸುತ್ತಾಳೆಂದು ನಾನು ಕೈ ಕೊಡಲು ಬಗ್ಗಿದೆ. ಅವಳು ಗಂಡನ ಎದೆಯ ಮೇಲಿದ್ದ ಚೆಂಡನ್ನು ಮೆಲ್ಲಗೆ ಬಿಡಿಸಿಕೊಂಡು ಎದ್ದಳು. ಅಷ್ಟು ಗಂಡಸರ ನಡುವೆ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು.

"ಎಲ್ಲಿಗೆ ಒದೀಬೇಕ್ರೀ?" ಎಂದಳು.

ಭಾವ ಕಣ್ಣು ಬಿಟ್ಟರು. ಕೈಯೆತ್ತಿ ನಡುವಿನ ಎರಡು ಕಂಬ ತೋರಿಸಿದರು. ಅಕ್ಕ ಓಡಿಹೋಗಿ ಒದ್ದಳು. ಚೆಂಡು ಎಲ್ಲಿಗೆ ಹೋಯಿತೆಂದು ನನ್ನನ್ನು ಕೇಳಬೇಡಿ. ಭಾವ ಅಂಗಾತ ಬಿದ್ದಲ್ಲೇ ಮಗುವಿನ ಹಾಗೆ ಅಳುತ್ತಿದ್ದರು, ನಾನು ಅವರನ್ನೇ ನೋಡುತ್ತಿದ್ದೆ.