ಚೀನಾ ಡಾಕ್ಟರು ಯಾವ ಊರಿಗೆ ಹೋಗಬೇಕು?

ಖಾನಾವಳಿ ನಡೆಸುವವರಿಗೆ ನಗುವಿಗೆ ಬರ ಇಲ್ಲ. ಹೊಟ್ಟೆ ತುಂಬಿದ ಮೇಲೆ ಗಂಡಸರು ಏನೇನು ಮಾತಾಡುತ್ತಾರೆ ಎಂಬುದನ್ನು ಅವರ ಹೆಂಡಂದಿರಿಗಿಂತ ನಾನು ಹೆಚ್ಚು ಕೇಳಿದ್ದೇನೆ. ಯಾದಗಿರಿ ಸ್ಟೇಶನ್ ರಸ್ತೆಯಲ್ಲಿ ನನ್ನದು ರೊಟ್ಟಿ ಖಾನಾವಳಿ. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮರ ಆಳ್ವಿಕೆ ಮುಗಿದಿತ್ತು, ನಾವು ಇನ್ನೂ ಮೈಸೂರಿಗೆ ಸೇರಿರಲಿಲ್ಲ. ಆ ನಡುವಿನ ವರ್ಷಗಳ ಮಾತು ಇದು. ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ನಕ್ಕು ಮುಗಿಯುವಷ್ಟರಲ್ಲಿ ಸೆರಗು ಕಣ್ಣಿಗೆ ಹೋಗಿರುತ್ತದೆ.

ಹಲ್ಲು ಹಿಡಿಯಿತು

ಖಾನಾವಳಿಯ ಮಗ್ಗುಲಿಗೆ ಚೀನಾ ಡಾಕ್ಟರ ಅಂಗಡಿ. ಹರೆಯದಲ್ಲಿ ಸೈಕಲ್ ಮೇಲೆ ರೇಷ್ಮೆ ಗಂಟು ಹೇರಿಕೊಂಡು ಊರೂರು ಮಾರುತ್ತ ಬಂದವರು. ಹೈದರಾಬಾದಿನಲ್ಲಿ ತಮ್ಮ ನಾಡಿನವನೊಬ್ಬನ ಹತ್ತಿರ ಕಟ್ಟು ಹಲ್ಲು ಮಾಡುವುದನ್ನು ಕಲಿತರು. ಆತ ಸತ್ತ ಮೇಲೆ ಯಾದಗಿರಿಗೆ ಬಂದು ಕೂತರು. ಹೆಂಡತಿ ಮಕ್ಕಳಿಲ್ಲ. ಅವರ ಭಾಷೆ ತಿಳಿಯುವವರು ಸುತ್ತಮುತ್ತ ಯಾವ ಊರಲ್ಲೂ ಒಬ್ಬರಿಲ್ಲ. ನಮ್ಮ ಮಾತನ್ನೇ ಕಲಿತು, ನನ್ನ ಕೈಯ ಅಡುಗೆಯನ್ನೇ ಉಣ್ಣುತ್ತಿದ್ದರು.

ಶಹಾಪುರ, ಗುರುಮಠಕಲ್ ಕಡೆಯಿಂದೆಲ್ಲ ಬೊಚ್ಚು ಬಾಯಿಯವರು ಅವರಲ್ಲಿಗೆ ಬರುತ್ತಿದ್ದರು. ಹಲ್ಲು ಕೂಡಿಸುವುದು ಅವರ ಕೆಲಸ, ಪರೀಕ್ಷೆ ನನ್ನದು. ಒಣಗಿಸಿದ ಖಡಕ್ ಜೋಳದ ರೊಟ್ಟಿ ಕಡಿದರೆ ಹಲ್ಲು ಪಾಸು.

ಅಮೀನ್ ಸಾಹೇಬರೂ ಹೀಗೆ ಬಂದರು. ನಿಜಾಮರ ಕಾಲದಲ್ಲಿ ಪೊಲೀಸ್ ಅಮೀನರಾಗಿ ಠಾಣೆ ಆಳಿದವರು. ರಾಜ್ಯ ಹೋಯಿತು, ಹುದ್ದೆ ಹೋಯಿತು, ಹಲ್ಲು ಅದಕ್ಕೂ ಮೊದಲೇ ಹೋಗಿದ್ದವು. ಉಳಿದದ್ದು ಮೀಸೆ ಮಾತ್ರ. ಹೊಸ ಹಲ್ಲು ಹಾಕಿಸಿಕೊಂಡು, ಮೀಸೆ ತಿರುವಿ, ರೊಟ್ಟಿ ಕಡಿದು ಜೋರಾಗಿ ಎಳೆದರು. ಬಾಯಿ ಖಾಲಿ. ಕೈಯಲ್ಲಿದ್ದ ರೊಟ್ಟಿಗೆ ಹಲ್ಲು ಬಂದಿತ್ತು. ಹುದ್ದೆ ಹೋದರೂ ಜನರ ಅಂಜಿಕೆ ಹೋಗಿರಲಿಲ್ಲ, ಒಬ್ಬರೂ ನಗಲಿಲ್ಲ. ಅವರೇ ರೊಟ್ಟಿಯನ್ನು ಎತ್ತಿ ತಿರುವಿ ನೋಡಿದರು.

"ಡಾಕ್ಟರ್ ಸಾಬ್, ಹಲ್ಲು ಪಕ್ಕಾ ಹಿಡ್ಕೊಂಡಾವ ನೋಡ್ರಿ. ನನ್ನ ಬಾಯಿ ಅಲ್ಲ, ಈಕಿ ರೊಟ್ಟಿ!"

ಮೂರು ಊರಿನ ಜಗಳ

ಆ ದಿನಗಳಲ್ಲಿ ಊರಿಗೆ ಊರೇ ನಾವು ಯಾವ ರಾಜ್ಯಕ್ಕೆ ಸೇರಬೇಕು ಅಂತ ವಾದ ಮಾಡುತ್ತಿತ್ತು. ನನ್ನ ಖಾನಾವಳಿ ಕಟ್ಟೆಯ ವಾದವೇ ಬೇರೆ. ಅದನ್ನು ಹಚ್ಚಿದವರು ಡಾಕ್ಟರೇ.

"ನನಗ ವಯಸ್ಸಾತ್ರಿ. ನಮ್ಮ ಮಂದಿ, ನಮ್ಮ ಊಟ ಯಾವ ಶಹರದಾಗ ಭಾಳ ಅದ? ಸಾಯೂದ್ರಾಗ ಒಮ್ಮೆ ಅವರ ಕೂಡ ಕುಂತು ಉಣ್ಣಬೇಕು" ಅಂದರು.

ಕಟ್ಟೆಯ ಮೇಲೆ ಮೂವರು: ಅಮೀನ್ ಸಾಹೇಬರು, ನಿವೃತ್ತ ರೈಲ್ವೆ ಗಾರ್ಡು, ಸುರಪುರದ ಭೂಗೋಳದ ಮಾಸ್ತರು. ಮೂವರೂ ಡಾಕ್ಟರ ಹಲ್ಲಿನವರೇ.

"ಹೈದರಾಬಾದ್!" ಅಂದರು ಅಮೀನ್ ಸಾಹೇಬರು. "ಇರಾನಿ ಬೇಕೋ, ಅರಬ ಬೇಕೋ, ತುರ್ಕಿ ಬೇಕೋ? ಸಾರಿ ದುನಿಯಾ ಅಲ್ಲೇ ಅದ. ಚೀನಾದವ್ರು ಇರಂಗಿಲ್ಲೇನು?"

"ಬೊಂಬಾಯಿ ಮುಂದ ನಿಮ್ಮ ಹೈದರಾಬಾದ್ ಏನ್ರಿ?" ಅಂದರು ಗಾರ್ಡು. "ಅಲ್ಲಿ ಹಡಗ ಬರ್ತಾವ. ಹಡಗ ಬಂದಲ್ಲಿ ಮಂದಿ, ಮಂದಿ ಇದ್ದಲ್ಲಿ ಊಟ."

ಮಾಸ್ತರು ಕೋಲಿನಿಂದ ನೆಲದ ಮೇಲೆ ಭಾರತ ಬರೆದರು. "ನಕಾಶದಾಗ ಚೀನಾಕ್ಕ ಸಮೀಪ ಕಲ್ಕತ್ತಾ. ಮುಗೀತು."

ವಾದ ದಿನಗಟ್ಟಲೆ ನಡೆಯಿತು. ಕಡೆಗೆ ನನಗೇ ರೇಗಿತು. "ನಿಮ್ಮಾಗ ಯಾರರೆ ಚೀನಾದವ್ರ ಊಟ ಉಂಡೀರೇನ್ರಿ?" ಅಂತ ಕೇಳಿದೆ. ಅಮೀನ್ ಸಾಹೇಬರು ಮೀಸೆ ತಿರುವಿದರು, ಮಾಸ್ತರು ಕೋಲು ಬದಿಗಿಟ್ಟರು. ಗಾರ್ಡು ಮಾತ್ರ ಮೆಲ್ಲಗೆ ಅಂದರು:

"ಬೊಂಬಾಯಿದಾಗ ಅವರ ಹೋಟೆಲ್ ಬಾಗಲ ತನಕ ಹೋಗಿದ್ನವ್ವ. ವಾಸನಿ ಭಾಳ ಚಲೋ ಇತ್ತು."

"ಮತ್ತ ಒಳಗ್ಯಾಕ ಹೋಗಲಿಲ್ಲ?"

"ಕೈಯಾಗ ನೀ ಕಟ್ಟಿಕೊಟ್ಟ ರೊಟ್ಟಿ ಬುತ್ತಿ ಇತ್ತಲ್ಲ, ಕೆಟ್ಟುಹೋಗ್ತದಂತ..."

ಖಡಕ್ ರೊಟ್ಟಿ ಕೆಡುವುದಿಲ್ಲ ಅಂತ ಚೀನಾ ಡಾಕ್ಟರಿಗೂ ಗೊತ್ತಿತ್ತು.

ಶಾವಿಗೆ

ಊರು ಸಿಗುವ ತನಕ ಊಟವಾದರೂ ಸಿಗಲಿ ಅಂತ ನಾನೇ ಕೇಳಿದೆ, "ನಿಮ್ಮವ್ವ ಏನ್ ಮಾಡ್ತಿದ್ರು ಹೇಳ್ರಿ, ಮಾಡಿ ಹಾಕ್ತೀನಿ." ಡಾಕ್ಟರು ಕೈಯಿಂದ ತೋರಿಸಿದರು. ಹಿಟ್ಟು ನಾದಬೇಕು, ದಾರದ ಹಾಗೆ ಎಳೆಯಬೇಕು, ಬಿಸಿನೀರಿನಲ್ಲಿ ಕುದಿಸಬೇಕು. ಇಷ್ಟೇನಾ? ನಮ್ಮ ಶಾವಿಗೆ! ಹಾಲು, ಬೆಲ್ಲ, ಗಸಗಸೆ ಹಾಕಿ ಬಟ್ಟಲು ತುಂಬ ಕೊಟ್ಟೆ. ಒಂದು ತುತ್ತು ಬಾಯಿಗಿಟ್ಟರು. ಕಣ್ಣಿಂದ ನೀರು ಇಳಿಯಿತು. ನನಗೆ ಎದೆ ತುಂಬಿ ಬಂತು.

"ನಿಮ್ಮವ್ವ ಮಾಡಿದಂಗೇ ಆಗ್ಯದೇನ್ರಿ?"

"ಇಲ್ಲವ್ವ."

"ಮತ್ತ ಅಳೂದ್ಯಾಕ?"

"ಹಂಗಿಲ್ಲಂತ."

ಬೆಲ್ಲವಲ್ಲ, ಉಪ್ಪು ಅಂತ ಆಮೇಲೆ ಹೇಳಿದರು. ಉಪ್ಪು ಹಾಕಿಯೂ ಮಾಡಿದೆ, ಸಾರು ಹಾಕಿಯೂ ಮಾಡಿದೆ. ಒಮ್ಮೆಯೂ ಹಂಗಾಗಲಿಲ್ಲ. ಪ್ರತಿ ಸಲವೂ ಬಟ್ಟಲು ಬರಿದು ಮಾಡಿ, ಕೈ ಮುಗಿದು ಏಳುತ್ತಿದ್ದರು. ಉಳಿದ ಬೆಲ್ಲದ ಶಾವಿಗೆಯನ್ನು ಅಮೀನ್ ಸಾಹೇಬರು ತಿಂದು, ಚೀನಾದ ಊಟ ಇಷ್ಟು ಚಲೋ ಇರತದಂತ ಗೊತ್ತಿರಲಿಲ್ಲ ಅಂತ ಊರೆಲ್ಲ ಹೇಳಿಕೊಂಡು ಬಂದರು.

ಅರ ತಿಕ್ಕಿದ್ದು

ಒಂದು ದಿನ ಡಾಕ್ಟರು ಬೊಂಬಾಯಿಗೆ ಹೋಗುವುದು ಖಾತ್ರಿ ಅಂದರು. "ಕೈಯಾಗಿನ ಹಲ್ಲಿನ ಕೆಲಸ ಎಲ್ಲ ಮುಗಿಸಿಕೊಟ್ಟು ಹೊಂಟೆ."

ಗಾರ್ಡು ಗೆದ್ದಿದ್ದರು. ಆದರೆ ಆವತ್ತು ಅವರು ಅರ್ಧ ರೊಟ್ಟಿಗೇ ಎದ್ದರು. ಮಾಸ್ತರು ನೆಲದ ಮೇಲಿನ ನಕಾಶೆಯನ್ನು ಕಾಲಿಂದ ಅಳಿಸಿದರು.

ಮರುದಿನ ಬೆಳಿಗ್ಗೆಯೇ ಅಮೀನ್ ಸಾಹೇಬರು ಡಾಕ್ಟರ ಅಂಗಡಿಯಲ್ಲಿ ಹಾಜರು. "ಡಾಕ್ಟರ್ ಸಾಬ್, ಹಲ್ಲು ಬಾಯಾಗ ಸರಿ ಕುಂದ್ರವಲ್ದು." ಡಾಕ್ಟರು ಹಲ್ಲಿನ ಒಳಗಿನ ಕೆಂಪು ರಬ್ಬರಿಗೆ ಅರ ತಿಕ್ಕಿ, ಒಂದಿಷ್ಟು ಸವೆಸಿ ಕೊಟ್ಟರು. ಮರುದಿನ ಮತ್ತೆ, "ಕುಂದ್ರವಲ್ದು." ಮತ್ತೆ ಅರ. ನನ್ನ ಖಾನಾವಳಿಯಲ್ಲಿ, ಡಾಕ್ಟರು ಯಾವಾಗಲೋ ಬಿಗಿ ಮಾಡಿಕೊಟ್ಟಿದ್ದ ಅದೇ ಹಲ್ಲಿನಿಂದ ಕಟಂಕಟಂ ಅಂತ ರೊಟ್ಟಿ ಕಡಿಯುತ್ತಿದ್ದ ಮನುಷ್ಯ!

ಬೇಸಿಗೆ ಬಂತು. ಡಾಕ್ಟರು ಹೊರಡಲಿಲ್ಲ. ತಡೆಯಲಾರದೆ ಕೇಳಿಯೇಬಿಟ್ಟೆ, "ಅಮೀನ್ ಸಾಹೇಬರು ಸುಳ್ಳ ಹೇಳಾಕತ್ತಾರ. ನಿಮಗ ತಿಳಿಯಂಗಿಲ್ಲೇನ್ರಿ?"

"ತಿಳಿತದವ್ವ. ಬೊಂಬಾಯಿದಾಗ ನನಗ ಸುಳ್ಳ ಹೇಳಿ ಹಿಡ್ಕೊಳ್ಳಾವ್ರು ಯಾರದಾರ?"

"ಹಂಗಿದ್ರ ದಿನಾ ಅರ ಯಾಕ ತಿಕ್ತೀರಿ?"

"ತಿಕ್ಕಲಿಲ್ಲಂದ್ರ, ನನಗ ತಿಳಿದದಂತ ಅವರಿಗಿ ತಿಳಿತದಲ್ಲವ್ವ!"

ಕುಂದ್ರವಲ್ದು

ಆ ಬೇಸಿಗೆಯಲ್ಲೇ ಡಾಕ್ಟರಿಗೆ ಜ್ವರ ಬಂತು, ಇಳಿಯಲಿಲ್ಲ. ಕಡೆಯ ದಿನ ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ನಾವು ನಾಲ್ಕೂ ಜನ ಹೂಂ, ಹೂಂ ಅಂದೆವು. ಏನು ಹೇಳಿದರೋ, ಏನು ಕೇಳಿದರೋ ಇವತ್ತಿಗೂ ಗೊತ್ತಿಲ್ಲ. ಅವರ ಮಂದಿಯನ್ನು ಅವರು ನೋಡಲಿಲ್ಲ, ಅವರ ಊಟ ಉಣ್ಣಲಿಲ್ಲ.

ಸತ್ತ ಮೇಲೂ ಜಗಳ ತಪ್ಪಲಿಲ್ಲ. ಕಬರಸ್ತಾನ ಅಂದರು ಒಬ್ಬರು, ಸ್ಮಶಾನ ಅಂದರು ಇನ್ನೊಬ್ಬರು. ಕಡೆಗೆ ಗಾರ್ಡು, "ಬೊಂಬಾಯಿ ಬೊಂಬಾಯಿ ಅಂತ ಹುಚ್ಚ ಹಿಡಿಸಿದಾವ ನಾ. ಜಾಗಾ ನಾನೇ ಕೊಡ್ತೀನಿ" ಅಂತ ಅಳುತ್ತ ಭೀಮಾ ದಂಡೆಯ ತಮ್ಮ ಹೊಲದಲ್ಲಿ, ಬೇವಿನ ಮರದ ಬುಡಕ್ಕೆ ಮಣ್ಣು ಕೊಡಿಸಿದರು.

ಮೂರನೆಯ ದಿನ ಎಡೆ ಇಡಬೇಕು. ಏನು ಇಡುವುದು? ಉಪ್ಪಿನ ಶಾವಿಗೆಯನ್ನೇ ಮಾಡಿಕೊಂಡು ಹೋದೆ, ಪಕ್ಕದಲ್ಲಿ ಒಂದು ಖಡಕ್ ರೊಟ್ಟಿ ಇಟ್ಟೆ. ಮಾಸ್ತರು ಊದುಬತ್ತಿ ಹಚ್ಚಿದರು. ಅಮೀನ್ ಸಾಹೇಬರು ಮಣ್ಣಿಗೆ ಬಾಗಿದರು. ಏನೋ ಹೇಳಲು ಬಾಯಿ ತೆರೆದರು, ದುಃಖ ಒತ್ತರಿಸಿ ಬಂತು, ಮೇಲಿನ ಹಲ್ಲಿನ ಸೆಟ್ಟು ಕಳಚಿ ಟಪ್ಪಂತ ಎಡೆಯ ಶಾವಿಗೆಯೊಳಗೆ ಬಿತ್ತು.

ಅಷ್ಟು ದಿನದ ಅರ ತನ್ನ ಕೆಲಸ ಮಾಡಿತ್ತು.

ಮೊದಲು ಗಾರ್ಡಿಗೆ ನಗು ಬಂತು, ಆಮೇಲೆ ಮಾಸ್ತರಿಗೆ, ಆಮೇಲೆ ನನಗೆ. ನಗುತ್ತಲೇ ಮೂವರೂ ಅತ್ತೆವು. ಅಮೀನ್ ಸಾಹೇಬರು ಮಾತ್ರ ನಗಲಿಲ್ಲ. ಹಲ್ಲು ಎತ್ತಿ ಪಂಚೆಗೆ ಒರೆಸಿ ಹಾಕಿಕೊಂಡರು. ಮತ್ತೆ ಬಿತ್ತು. ಮತ್ತೆ ಹಾಕಿಕೊಂಡರು. ಮತ್ತೆ ಬಿತ್ತು. ಆಗ ಹಲ್ಲನ್ನು ಅಂಗೈಯಲ್ಲಿಟ್ಟು, ಅಂಗಡಿಯ ಬಾಗಿಲಲ್ಲಿ ದಿನಾ ಹಿಡಿಯುತ್ತಿದ್ದ ಹಾಗೆಯೇ ಆ ಮಣ್ಣಿನ ಮುಂದೆ ಹಿಡಿದರು.

"ಡಾಕ್ಟರ್ ಸಾಬ್, ಕುಂದ್ರವಲ್ದು ನೋಡ್ರಿ. ನಿಮ್ಮಾಣಿ, ಈ ಸಲ ಖರೇನ ಕುಂದ್ರವಲ್ದು."