ಚಿಗರಿ ನೋಡಲು ಹೋದ ದ್ವಾದಶಿ

ಇಂಡಿ ಪಟ್ಟಣದ ತಹಶೀಲ ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ಶ್ರೀವಲ್ಲಭರಾಯರು ಹೆಂಡತಿಗೆ ಕೊಟ್ಟ ಮಾತುಗಳೆಲ್ಲ ‘ಪರಿಶೀಲನೆಯಲ್ಲಿದೆ’ ಎಂಬ ಷರಾ ಹೊತ್ತು ದಶಕಗಟ್ಟಲೆ ಬಾಕಿ ಉಳಿದಿದ್ದವು. ಅವುಗಳಲ್ಲಿ ಒಂದನ್ನು ಮಾತ್ರ ಇನ್ನು ಮುಂದೂಡುವಂತಿರಲಿಲ್ಲ. ಏಕೆಂದರೆ ಅದನ್ನು ಅವರು ಕೊಟ್ಟದ್ದು ಆಸ್ಪತ್ರೆಯಲ್ಲಿ, ಇಂದೂಬಾಯಿಯವರ ಕೈ ಹಿಡಿದುಕೊಂಡು.

ಇಂದೂಬಾಯಿಯವರ ಕಣ್ಣುಗಳಿಗೆ ಪೊರೆ ಬಂದಿತ್ತು. ಅಕ್ಕಿಯೊಳಗಿನ ಹರಳನ್ನು ಬೆರಳಿನಿಂದ, ಬಾಗಿಲಿಗೆ ಬಂದವರನ್ನು ಕೆಮ್ಮಿನಿಂದ ಗುರುತಿಸುತ್ತ ಅವರು ಎರಡು ವರ್ಷ ಸಂಸಾರ ತೂಗಿಸಿದ್ದರು. ಶಸ್ತ್ರಚಿಕಿತ್ಸೆಗೆ ಒಳಗೆ ಕರೆಯುವ ಮೊದಲು ರಾಯರು ಬಗ್ಗಿ, “ಇಂದೂ, ಕಣ್ಣು ಬಂದ ಮ್ಯಾಲೆ ಮೊದಲ ಏನು ನೋಡಬೇಕನಸ್ತದ?” ಎಂದು ಕೇಳಿದರು. (ಉತ್ತರ ‘ನಿಮ್ಮ ಮುಖ’ ಎಂದೇ ಬರುತ್ತದೆಂದು ನಂಬಿ ಅವರು ಅಂದು ಕ್ಷೌರ ಮಾಡಿಸಿಕೊಂಡು ಬಂದಿದ್ದರು.)

“ಚಿಗರಿ,” ಎಂದರು ಇಂದೂಬಾಯಿ.

ಪುಸ್ತಕಗಳು ಕೃಷ್ಣಮೃಗ ಎನ್ನುವ ಚಿಗರಿ. ಇಂದೂಬಾಯಿಯವರ ತವರು ಭೀಮಾ ದಂಡೆಯ ಅಗರಖೇಡ. ಪರಕರ ಉಡುವ ವಯಸ್ಸಿನಲ್ಲಿ ಅವರು ಮಾಳಿಗೆಯ ಮೇಲೆ ನಿಂತು, ಕರಿಮಣ್ಣಿನ ಎರಿ ಹೊಲದ ಮೇಲೆ ಚಿಗರಿಯ ಹಿಂಡು ಹಾರಿ ಹಾರಿ ಹೋಗುವುದನ್ನು ನೋಡುತ್ತಿದ್ದರು. ಈಗ ಆ ಹೊಲಗಳಲ್ಲಿ ಕಬ್ಬು ನಿಂತಿದೆ. ಚಿಗರಿಗಳು ಎತ್ತ ಹೋದವೋ ಯಾರೂ ಹೇಳರು. ಮದುವೆಯಾದ ಮೇಲೆ ಇಂದೂಬಾಯಿ ಪಂಢರಪುರ ಕಂಡರು, ಮಂತ್ರಾಲಯ ಕಂಡರು. ಆದರೆ ಎಲ್ಲಿಗೆ ಹೋದರೂ ಮಡಿಯುಟ್ಟು ಇಪ್ಪತ್ತು ಮಂದಿಗೆ ಅಡಿಗೆ ಮಾಡುವುದು ತಪ್ಪಲಿಲ್ಲ. ದೇವರಿಗಿಂತ ಹೆಚ್ಚು ಹೊತ್ತು ಅವರಿಗೆ ದರ್ಶನ ಕೊಟ್ಟದ್ದು ಒಲೆ.

“ತೋರಸ್ತೇನಿ,” ಎಂದರು ರಾಯರು. ಕೈಯೊಳಗೆ ಹೆಂಡತಿಯ ಕೈ ಇದ್ದುದರಿಂದ ‘ಪರಿಶೀಲಿಸುತ್ತೇನೆ’ ಎನ್ನಲು ಆಗಲಿಲ್ಲ.

ಶಸ್ತ್ರಚಿಕಿತ್ಸೆ ಫಲಿಸಿ ಇಂದೂಬಾಯಿಯವರ ಕಣ್ಣು ನಿಚ್ಚಳವಾದವು. ಸೊಲ್ಲಾಪುರದ ಆಚೆ ಹುಲ್ಲುಗಾವಲಿನ ಅಭಯಾರಣ್ಯವೊಂದಿದೆ, ಅಲ್ಲಿ ಚಿಗರಿಗಳು ಹಿಂಡುಗಟ್ಟಲೆ ಇವೆ ಎಂದು ತಿಳಿಸಿದವನು ಪಕ್ಕದ ಓಣಿಯ ಸರ್ಫರಾಜ. ಬಾಡಿಗೆಗೆ ಕಾರು ಓಡಿಸುವವನು. ಮದುವೆಗೆ ಬಂದ ಮಗಳಿರುವ, ತೂಕದ ಮನುಷ್ಯ.

“ಆದ್ರ ಕಾಕಾ, ಬಿಸಲೇರಿದ್ರ ಅವು ಕಾಣಂಗಿಲ್ರಿ. ಮುಂಜಾನಿ ಏಳಕ್ಕ ಗಾಡಿ ಬಿಡಬೇಕ ನೋಡ್ರಿ.”

ಇಲ್ಲಿ ಯೋಜನೆಗೆ ಮೊದಲ ವಿಘ್ನ ಎದುರಾಯಿತು. ರಾಯರು ಏಳುವುದೇ ಎಂಟಕ್ಕೆ. ಸ್ನಾನ, ಸಂಧ್ಯಾವಂದನೆ, ಪೂಜೆ ಮುಗಿಯುವಾಗ ಹನ್ನೊಂದು. ಅವರು ಕೊಟ್ಟ ಅರ್ಘ್ಯವನ್ನು ಸೂರ್ಯನಾರಾಯಣ ನೆತ್ತಿಯ ಮೇಲೆ ನಿಂತು ಸ್ವೀಕರಿಸಬೇಕಾಗುತ್ತಿತ್ತು.

ಮೂರು ದಿನ ಆಲೋಚಿಸಿದ ರಾಯರಿಗೆ ನಾಲ್ಕನೆಯ ದಿನ ಬೆಳಕು ಹರಿಯಿತು. “ದ್ವಾದಶಿ!”

ಏಕಾದಶಿಯ ದಿನ ಆ ಮನೆಯಲ್ಲಿ ನೀರೂ ಮುಟ್ಟದ ಉಪವಾಸ. ಮರುದಿನ ದ್ವಾದಶಿ, ನಸುಕಿನಲ್ಲೇ ಪೂಜೆ ತೀರಿಸಿ, ಸೂರ್ಯ ಮೂಡುತ್ತಲೇ ಊಟ, ಅಂದರೆ ಪಾರಣೆ. ಆ ಒಂದು ದಿನ ಮಾತ್ರ ರಾಯರು ಕೋಳಿಗಿಂತ ಮೊದಲು ಏಳುತ್ತಿದ್ದರು. (ಎಬ್ಬಿಸುತ್ತಿದ್ದುದು ಭಕ್ತಿಯೋ ಹಸಿವೆಯೋ ಎಂದು ಇಂದೂಬಾಯಿ ಎಂದೂ ವಿಚಾರಣೆ ನಡೆಸಿದವರಲ್ಲ.)

“ದ್ವಾದಶಿ ಬ್ಯಾಡ್ರಿ,” ಎಂದರು ಇಂದೂಬಾಯಿ. “ಪಾರಣಿ ಆದ ಮ್ಯಾಲೆ ನಿಮ್ಮ ಅವಸ್ಥಾ ನನಗ ಗೊತ್ತಿಲ್ಲೇನು?”

ಅವಸ್ಥೆ ಇದು: ದ್ವಾದಶಿಯಂದು ಹಗಲು ನಿದ್ದೆ ಮಾಡಿದರೆ ಏಕಾದಶಿಯ ಫಲವೆಲ್ಲ ಹೋಯಿತೆಂಬುದು ಶಾಸ್ತ್ರ. ಹಿಂದಿನ ದಿನದ ಉಪವಾಸ, ನಸುಕಿನ ಎಚ್ಚರ, ಮೇಲೆ ತುಪ್ಪ ತೇಲುವ ಗೋಧಿ ಹುಗ್ಗಿ. ಇವು ಮೂರೂ ಸೇರಿ ಏಳು ಗಂಟೆಗೇ ರಾಯರ ರೆಪ್ಪೆಗಳನ್ನು ಜಗ್ಗುತ್ತಿದ್ದವು. ಹೀಗಾಗಿ ದ್ವಾದಶಿಯ ದಿನ ಅವರು ಗೋಡೆಗೆ ಒರಗದಂತೆ ನಡುಮನೆಯಲ್ಲಿ ಮಣೆ ಹಾಕಿಕೊಂಡು ಕೂಡುವುದು, ಇಂದೂಬಾಯಿ ಎದುರಿಗೆ ಕೂತು ಸಂಜೆಯವರೆಗೆ ಮಾತಾಡಿಸುವುದು ಮನೆಯ ಪದ್ಧತಿ. ಮಾತು ತೀರಿದರೆ ಬಳೆ ಸಪ್ಪಳ ಮಾಡುವುದು. ನಲವತ್ತೊಂದು ವರ್ಷಗಳಿಂದ ರಾಯರ ಪುಣ್ಯವನ್ನು ಕಾಯುತ್ತ ಬಂದದ್ದು ಆ ಬಾಯಿ ಮತ್ತು ಆ ಬಳೆ.

“ಅಡವಿಯೊಳಗ ಯಾರಿಗೆ ನಿದ್ದಿ ಬರ್ತದ? ನೀ ಸುಮ್ನಿರು,” ಎಂದು ರಾಯರು ಆಕ್ಷೇಪಣೆಯನ್ನು ವಜಾ ಮಾಡಿದರು.

ಬಳಿಕ ನಿಯಮಾವಳಿ ಹೊರಟಿತು. ಅಭಯಾರಣ್ಯದೊಳಗೆ ಮಾತು ನಿಷಿದ್ಧ, ಕೆಮ್ಮು ನಿಷಿದ್ಧ, ಕೈ ಅಲ್ಲಾಡಿಸುವುದು ನಿಷಿದ್ಧ. ಕೆಂಪು ಸೆರಗಿನ ಸೀರೆ ಕೂಡದು. ಒಣಹುಲ್ಲಿನ ಬಣ್ಣದ್ದೇ ಬೇಕು. ಬಳೆಗಳ ಪ್ರಶ್ನೆ ಸೂಕ್ಷ್ಮವಾದದ್ದು. ಮುತ್ತೈದೆಗೆ ಬಳೆ ತೆಗೆ ಎನ್ನುವಂತಿಲ್ಲ, ಚಿಗರಿಗೆ ಸಪ್ಪಳ ಕೇಳಿಸುವಂತಿಲ್ಲ. ರಾಯರು ಮಧ್ಯಮಮಾರ್ಗ ಕಂಡುಹಿಡಿದು, ಹೆಂಡತಿಯ ಎರಡೂ ಮುಂಗೈಗಳನ್ನು ತಮ್ಮ ಹಳೆಯ ಧೋತರದ ಅರಿವೆಯಿಂದ ಸುತ್ತಿದರು.

“ನೋಡಿದವರು ಏನಂದಾರು? ಗಂಡ ಹೊಡದಾನ ಅಂತಾರ.”

“ಚಿಗರಿ ಹಂಗ ಅನ್ನೂದಿಲ್ಲ. ನಾಳಿ ಏನ ಆಗ್ಲಿ, ಬಾಯಿ ಮಾತ್ರ ತಗೀಬ್ಯಾಡ. ಏನ ಆಗ್ಲಿ! ತಿಳೀತಿಲ್ಲೋ?”

ಒಂದು ತಾಲೀಮೂ ನಡೆಯಿತು. ಪಡಸಾಲೆಯಲ್ಲಿ ಇಬ್ಬರೂ ಉಸಿರು ಬಿಗಿಹಿಡಿದು ಕುಳಿತರು. ಹತ್ತು ನಿಮಿಷವೂ ಆಗಿರಲಿಲ್ಲ, ಮೌನ ಮುರಿಯಿತು.

“ಇಂದೂ, ಚಹಾ ಮಾಡ್ತೀಯೇನು?”

ದ್ವಾದಶಿ ಬಂದಿತು. ಎಲ್ಲವೂ ಯೋಜನೆಯ ಪ್ರಕಾರವೇ ನಡೆಯಿತು. ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿಯ ಚಟ್ನಿ, ಹುಗ್ಗಿ ಎರಡು ಸಲ. (ಮೂರನೆಯ ಸಲ ಬಡಿಸಿದ್ದನ್ನು ರಾಯರು ಒಪ್ಪುವುದಿಲ್ಲ.) ದಾರಿಯುದ್ದಕ್ಕೂ ಇಂದೂಬಾಯಿ ಪದ್ಧತಿಯಂತೆ ಮಾತಾಡಿಸಿದರು, ರಾಯರು ಪದ್ಧತಿಯಂತೆ ಹೂಂಗುಟ್ಟಿದರು. ಒಂಬತ್ತಕ್ಕೆ ಅರಣ್ಯದ ಕಾವಲುಗಾರ ಅವರನ್ನು ಹುಲ್ಲಿನ ನಡುವಿನ ಚಪ್ಪರದೊಳಗೆ ಕೂಡಿಸಿದ. ಎಳೆಬಿಸಿಲು, ತಣ್ಣನೆಯ ಗಾಳಿ, ಬೆನ್ನಿಗೆ ಆನಿಸಿಕೊಳ್ಳಲು ಹದವಾದ ಕಂಬ. ರಾಯರು ತುಟಿಯ ಮೇಲೆ ಬೆರಳಿಟ್ಟು ಹೆಂಡತಿಯತ್ತ ಕೊನೆಯ ಎಚ್ಚರಿಕೆಯ ನೋಟ ಬೀರಿದರು.

ಮಾತು ನಿಂತಿತು. ಬಳೆ ಮೊದಲೇ ನಿಂತಿತ್ತು.

ಆಮೇಲೆ ನಡೆದದ್ದಕ್ಕೆ ರಾಯರು ಸಾಕ್ಷಿಯಲ್ಲ. ಅವರು ಮುಂದೆ ಕಂಡದ್ದು ಖಾಲಿ ಹುಲ್ಲು, ನೆತ್ತಿಗೇರುತ್ತಿರುವ ಸೂರ್ಯ, ಮತ್ತು ಒದ್ದೆಯಾದ ಕಣ್ಣುಗಳಿಂದ ತಮ್ಮನ್ನೇ ನೋಡಿ ನಗುತ್ತಿರುವ ಇಂದೂಬಾಯಿಯನ್ನು.

“ಇನ್ನೂ ಬಂದಿಲ್ಲೇನು?” ರಾಯರು ಪಿಸುಗುಟ್ಟಿದರು.

“ಬಂದು, ಮೇದು, ಹೋದ್ವು. ಈಗ ಜೋರಾಗಿ ಮಾತಾಡ್ರಿ, ಅಡ್ಡಿಯಿಲ್ಲ.”

ರಾಯರು ಕಂಬ ಬಿಟ್ಟು ಎದ್ದು ಕೂತರು. “ನನ್ನ ಎಬ್ಬಿಸಲಿಲ್ಲ ಯಾಕ?”

“ಏನ ಆಗ್ಲಿ, ಬಾಯಿ ತಗೀಬ್ಯಾಡ ಅಂದವರು ನೀವು. ಕೈ ಅಲ್ಲಾಡಸಬ್ಯಾಡ ಅಂದವರೂ ನೀವು. ಬಳಿ ಕಟ್ಟಿದವರು ಯಾರು, ಚಿಗರೀನ?”

ರಾಯರಿಗೆ ಆಗ ನೆನಪಾದದ್ದು ಚಿಗರಿಯಲ್ಲ, ತಿಥಿ. “ಇಂದೂ, ಇವತ್ತ ದ್ವಾದಶಿ! ನನ್ನ ಏಕಾದಶಿ ಹೋತು!”

“ಹೋಗ್ಲಿ ಬಿಡ್ರಿ. ನಂದು ಇಡೀ ಅದ. ಅದರಾಗ ಅರ್ಧಾ ತಗೋರ್ರಿ.”

ನಲವತ್ತೊಂದು ವರ್ಷ ತಮ್ಮ ಪುಣ್ಯದಲ್ಲಿ ಹೆಂಡತಿಗೆ ಅರ್ಧ ಸಲ್ಲುತ್ತದೆಂದು ಉದಾರವಾಗಿ ಭಾವಿಸಿಕೊಂಡಿದ್ದ ಮನುಷ್ಯನಿಗೆ ಈಗ ಆಕೆಯ ಪುಣ್ಯದಲ್ಲಿ ಅರ್ಧ ಮಂಜೂರಾಗಿತ್ತು. ಅವರು ಹೆಂಡತಿಯ ಮುಂಗೈಯ ಅರಿವೆಯನ್ನು ಬಿಚ್ಚತೊಡಗಿದರು.

“ಹತ್ತರ ಬಂದಿದ್ವೇನು?” ಬಿಚ್ಚುತ್ತಲೇ ಕೇಳಿದರು.

ಇಂದೂಬಾಯಿ ನಕ್ಕರು, ಸೆರಗು ಬಾಯಿಗೆ ಒತ್ತಿದರೂ ನಗು ನಿಲ್ಲಲಿಲ್ಲ. ಕಾವಲುಗಾರನ ಜೊತೆ ಚಪ್ಪರದ ಹಿಂದೆ ಅಡಗಿ ನಿಂತಿದ್ದ ಸರ್ಫರಾಜನೇ ಹೇಳಬೇಕಾಯಿತು.

“ಕಾಕಾ, ಮೊದಲಿಗೆ ಹಿಂಡು ಭಾಳ ದೂರ ಇತ್ರಿ. ನೀವು ಗೊರಕಿ ಹೊಡ್ಯಾಕ ಚಾಲೂ ಮಾಡಿದ್ರಿ ನೋಡ್ರಿ, ಒಂದು ಕರಿ ಗಂಡು ಗಕ್ಕನ ನಿಂತು ಕಿವಿ ನಿಮರಿಸ್ತು. ಸೀದಾ ಈ ಕಡೆ ಬಂತು. ಬೇರೆ ಗಂಡು ತನ್ನ ಸೀಮಿಗೆ ಬಂದೈತಿ ಅಂತ ತಿಳ್ಕೊಂಡೈತಿ, ಜಗಳಕ್ಕ ಬರಾಕತ್ತೈತಿ ಅಂತ ಆ ಕಾವಲುಗಾರ ಅಂದ. ಕಾಕೂ ಮುಂದ, ಇಕಾ, ಇಲ್ಲಿತನಾ ಬಂದು ನಿಂತಿತ್ರಿ!”

“ಅದರ ಕಣ್ಣಿನ ಸುತ್ತ ಬಿಳಿ ಕಾಡಿಗಿ ಹಚ್ಚಿಧಂಗ ಇತ್ತು,” ಎಂದರು ಇಂದೂಬಾಯಿ ಮೆಲ್ಲಗೆ. “ಮಾಳಿಗಿ ಮ್ಯಾಲಿಂದ ಅಷ್ಟು ಕಂಡಿರಲಿಲ್ಲ.” ಮರಳುವ ದಾರಿಯುದ್ದಕ್ಕೂ ಅವರು ಹೇಳಿದರು: ಸುರುಳಿ ಕೊಂಬು, ಒದ್ದೆ ಮೂಗು, ತಾಯಿಯ ಹಿಂದೆ ಅಡಗಿದ ಮರಿ. ರಾಯರು ರೆಪ್ಪೆ ಮಿಟುಕಿಸದೆ ಕೇಳಿದರು. ಅಂದು ಅವರು ನೋಡಿದ ಚಿಗರಿ ಅದೇ.

ಮನೆ ಮುಟ್ಟುವ ಮೊದಲು ಒಪ್ಪಂದವೊಂದಾಯಿತು: ನಿದ್ದೆಯ ಸುದ್ದಿ ಹೊರಬೀಳಕೂಡದು. ಇಂದೂಬಾಯಿ ಮಾತಿಗೆ ತಪ್ಪಲಿಲ್ಲ. ಆದರೆ ಸರ್ಫರಾಜ ಇಡೀ ಪ್ರಸಂಗವನ್ನು ಫೋನಿನಲ್ಲಿ ಹಿಡಿದಿದ್ದ. ಅದನ್ನು ಪ್ರೀತಿಯಿಂದ ಇಂದೂಬಾಯಿಯವರ ಫೋನಿಗೂ ಕಳಿಸಿದ್ದ.

ಮುಂದಿನ ದ್ವಾದಶಿ. ಪಾರಣೆ ಮುಗಿದಿದೆ. ನಡುಮನೆಯ ಮಣೆಯ ಮೇಲೆ ರಾಯರ ತಲೆ ಮೆಲ್ಲಗೆ ವಾಲಿತು. ಅಷ್ಟರಲ್ಲಿ ಎದುರಿನಿಂದ ಕಲ್ಲುಬಂಡಿ ಉರುಳಿದಂಥ ಘನಘೋರ ಗೊರಕೆ ಕೇಳಿ ಅವರು ಗಾಬರಿಯಿಂದ ನೆಟ್ಟಗಾದರು.

“ನಾ ಮಲಗಿಲ್ಲ! ನಾ ಮಲಗಿಲ್ಲ!”

“ನೀವಲ್ರೀ,” ಎಂದರು ಇಂದೂಬಾಯಿ, ಫೋನಿನಿಂದ ಕಣ್ಣೆತ್ತದೆ. “ನಾ ಚಿಗರಿ ನೋಡ್ಲಿಕ್ಕತ್ತೇನಿ.”

ರಾಯರು ಮಣೆ ಸರಿಸಿಕೊಂಡು ಹತ್ತಿರ ಬಂದರು. ಇಬ್ಬರ ತಲೆಗಳೂ ಆ ಪುಟ್ಟ ಪರದೆಯ ಮೇಲೆ ಬಾಗಿದವು. ಹುಲ್ಲಿನ ಅಂಚಿನಲ್ಲಿ ಕರಿಯ ಗಂಡು ತಲೆಯೆತ್ತಿ ನಿಂತಿತ್ತು.

“ಛಲೋ ಅದ,” ಎಂದರು ರಾಯರು. “ಆದ್ರ ಆ ಆವಾಜ ಒಂದೀಟು ಕಡಿಮಿ ಮಾಡು. ಓಣಿಯವರು ಕೇಳ್ಯಾರು.”

“ಮಾಡೂದಿಲ್ರಿ. ಆವಾಜ ಇಲ್ಲಂದ್ರ ಅದು ಹತ್ತರ ಬರೂದಿಲ್ಲ.”