ಎರಡು ಕಬ್ಬಿಣದ ನಡುವೆ ಒಂದು ರಬ್ಬರು

ನಾನು ಹಾಸಿಗೆ ವ್ಯಾಪಾರಿ. ಊರಿನ ಅರ್ಧ ಜನ ನಾನು ಮಾರಿದ ಹಾಸಿಗೆಯ ಮೇಲೆ ಗೊರಕೆ ಹೊಡೆಯುತ್ತಾರೆ. ನಾನು ಮಾತ್ರ ಮನೆಯಲ್ಲಿ ಮುಳ್ಳಿನ ಮೇಲೆ ಕೂತಿರುತ್ತೇನೆ. ಅದಕ್ಕೆ ಕಾರಣ ಇಬ್ಬರು. ಒಬ್ಬಳು ನನ್ನನ್ನು ಹೆತ್ತವಳು, ಇನ್ನೊಬ್ಬಳು ಹೊತ್ತವಳು. (ಎರಡನೆಯದು ನನ್ನ ಹೆಂಡತಿಯದೇ ಮಾತು. "ನಿಮ್ಮನ್ನ ಹೊತ್ತು ಹೊತ್ತು ಸಾಕಾಗಿದೆ" ಅನ್ನುತ್ತಾಳೆ. ನನ್ನ ತೂಕ ನೋಡಿದವರಿಗೆ ಇದು ಉತ್ಪ್ರೇಕ್ಷೆ ಅನ್ನಿಸದು.)

ಸಂಜೆ ಅಂಗಡಿ ಮುಚ್ಚಿ ಮನೆಗೆ ಬಂದರೆ ಸಾಕು, ಮಹಾಯುದ್ಧ ಸಿದ್ಧವಾಗಿರುತ್ತದೆ. ಉಪ್ಪು ಯಾರು ಹಾಕಿದ್ದು, ಕಿಟಕಿ ಯಾಕೆ ತೆಗೆದದ್ದು, ಫ್ಯಾನು ಯಾರಿಗೆ ಬೇಕು. ನಾನು ನಡುವೆ ನಿಂತು ಕೈಯೆತ್ತಿ, "ಇಬ್ಬರೂ ಸುಮ್ಮನಿರಿ. ಈ ಮನೇಲಿ ನಾನೊಬ್ಬ ಇಲ್ಲದಿದ್ರೆ ಏನಾಗ್ತಿತ್ತೋ" ಎಂದು ಹೇಳಿ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ. ವರ್ಷಗಳಿಂದ ನಡೆದು ಬಂದ ಪದ್ಧತಿ ಇದು. ಎಡಗಿವಿಯಲ್ಲಿ ತಾಯಿ, ಬಲಗಿವಿಯಲ್ಲಿ ಹೆಂಡತಿ ಇಲ್ಲದೆ ನಾನು ಕೂರುವ ಜಾಗ ಪ್ರಪಂಚದಲ್ಲಿ ಒಂದೇ: ನನ್ನ ಕಾರು.

ಕಾರು ಹಳೆಯದು. ಎಷ್ಟು ಹಳೆಯದೆಂದರೆ, ಅದನ್ನು ನನಗೆ ಮಾರಿದವನು ಇಂದಿಗೂ ಎದುರಿಗೆ ಸಿಕ್ಕರೆ ರಸ್ತೆಯ ಆ ಬದಿಗೆ ಹೋಗುತ್ತಾನೆ. ಎಂಜಿನ್ ಗಟ್ಟಿ, ಸೀಟು ಮೆತ್ತಗೆ. ಆದರೆ ಕಾಲುಗಳಲ್ಲಿ ಸದ್ದು. ಸಣ್ಣ ಉಬ್ಬು ಸಿಕ್ಕರೂ ಮುಂದಿನ ಚಕ್ರದ ಹತ್ತಿರ ಕಟಕಟ, ತಿರುವಿನಲ್ಲಿ ಕಿರ್ರೋ ಎಂಬ ಆರ್ತನಾದ. ನಮ್ಮ ಬೀದಿಯ ತುದಿಯಲ್ಲಿ ಉಬ್ಬುಗಳ ಸಾಲೇ ಇರುವುದರಿಂದ ನನ್ನ ಆಗಮನ ಬೀದಿಗೆಲ್ಲ ಘೋಷಣೆಯಾಗುತ್ತಿತ್ತು.

ಇದು ಚುಚ್ಚುತ್ತಿದ್ದದ್ದು ನನ್ನ ಭಾವಮೈದುನನಿಗೆ. ಅವನಿಗೆ ಹೊಸ ಕಾರುಗಳ ಷೋರೂಮಿನಲ್ಲಿ ಕೆಲಸ. ನೆಂಟಸ್ತಿಕೆಯನ್ನೂ ಗಿರಾಕಿಯನ್ನೂ ಬೇರೆ ಬೇರೆ ಇಟ್ಟುಕೊಳ್ಳುವ ದುರಭ್ಯಾಸ ಅವನಿಗಿಲ್ಲ.

"ಭಾವ, ಬರೋ ಭಾನುವಾರ ಗುಜರಿಯವನನ್ನ ಕರ್ಕೊಂಡು ಬರ್ತೀನಿ. ಇದನ್ನ ಕೊಟ್ಟುಬಿಡಿ, ಪಾಪ."

"ಪಾಪ ಯಾರು? ಕಾರಾ, ನಾನಾ?"

"ಇಬ್ಬರೂ."

"ಭಾನುವಾರದೊಳಗೆ ಸದ್ದು ನಿಂತರೆ?"

"ನಿಂತ್ರೆ ಈ ಕಾರಿನ ಸುದ್ದಿ ನಾನು ಇನ್ನು ಎತ್ತಲ್ಲ."

ಗ್ಯಾರೇಜಿಗೆ ಕೊಡಬಹುದಿತ್ತು. ಆದರೆ ದಿಂಬು ಕೇಳಲು ಬಂದವನಿಗೆ ಹಾಸಿಗೆ ಹೊರಿಸಿ ಕಳಿಸುವುದೇ ನನ್ನ ಕಸುಬು. ಒಂದು ಸದ್ದು ನಿಲ್ಲಿಸಲು ಹೋದವನಿಗೆ ಅವರೇನು ಹೊರಿಸುತ್ತಾರೆಂದು ನನಗೆ ಬೇರೆಯವರು ಹೇಳಬೇಕೇ? ನೇರವಾಗಿ ಬಿಡಿಭಾಗದ ಅಂಗಡಿಗೆ ಹೋದೆ. ಅಂಗಡಿಯವನು ಸದ್ದಿನ ವರ್ಣನೆ ಕೇಳಿ, "ಬುಷ್ ಹೋಗಿದೆ" ಅಂದ.

"ಬುಷ್ ಅಂದ್ರೆ?"

"ಈ ಕಡೆ ಕಬ್ಬಿಣ, ಆ ಕಡೆ ಕಬ್ಬಿಣ. ಒಂದಕ್ಕೊಂದು ಬಡೀಬಾರ್ದು ಅಂತ ನಡುವೆ ಕೂತು ಎರಡೂ ಕಡೆಯಿಂದ ಏಟು ತಿನ್ನೋ ರಬ್ಬರು. ಅದು ಸವೆದ್ರೆ ಗಾಡಿ ಮುಗೀತು."

ನನ್ನ ಕಣ್ಣು ಒದ್ದೆಯಾಯಿತು. ಇಷ್ಟು ವರ್ಷದಲ್ಲಿ ನನ್ನನ್ನು ಇಷ್ಟು ಸರಿಯಾಗಿ ಯಾರೂ ವರ್ಣಿಸಿರಲಿಲ್ಲ.

ಮನೆಗೆ ಬಂದು ನನ್ನ ಸಂಕಲ್ಪವನ್ನು ಪ್ರಕಟಿಸಿದೆ. "ಬೇಡ ಬಿಡಿ. ಆ ಸದ್ದು ಅಭ್ಯಾಸ ಆಗಿದೆ" ಅಂದಳು ಹೆಂಡತಿ. "ಇರ್ಲಿ ಬಿಡೋ, ಅದೊಂಥರಾ ಚೆನ್ನಾಗಿದೆ" ಅಂದಳು ಅಮ್ಮ. ಇಬ್ಬರ ಬಾಯಲ್ಲೂ ಒಂದೇ ಮಾತು ಬಂದಾಗಲೇ ನಾನು ಎಚ್ಚರವಾಗಬೇಕಿತ್ತು. ನನ್ನ ಕೈಕೆಲಸದ ಮೇಲೆ ನಂಬಿಕೆಯಿಲ್ಲದೆ ಹೇಳುತ್ತಿದ್ದಾರೆಂದು ತಿಳಿದು ಇನ್ನಷ್ಟು ಹಟ ಹಿಡಿದೆ.

ಶನಿವಾರ ಅಂಗಡಿಗೆ ರಜೆ ಹಾಕಿ ಶೆಡ್ಡಿನಲ್ಲಿ ಶಸ್ತ್ರಚಿಕಿತ್ಸೆಗೆ ಇಳಿದೆ. ಕಾರನ್ನು ಜಾಕಿನಿಂದ ಎತ್ತಿ, ಕೆಳಗೆ ಗಟ್ಟಿ ಆಧಾರ ಕೊಟ್ಟು, ಚಕ್ರ ಬಿಚ್ಚಿದೆ. ಬೋಲ್ಟುಗಳು ತುಕ್ಕು ಹಿಡಿದು, ಸಾಲ ವಸೂಲಿಗೆ ಬಂದವನು ಕುರ್ಚಿ ಹಿಡಿದು ಕೂತಂತೆ ಕೂತಿದ್ದವು. ಎಣ್ಣೆ ಬಿಟ್ಟೆ, ಬೇಡಿಕೊಂಡೆ, ಬೈದೆ, ಕೊನೆಗೆ ಸ್ಪ್ಯಾನರಿಗೆ ಉದ್ದ ಪೈಪು ಸಿಕ್ಕಿಸಿ ನೇತಾಡಿದೆ. ಅದಕ್ಕೆ ಮಣಿದವು. (ತೂಕಕ್ಕೂ ಒಂದು ಕಾಲ ಬರುತ್ತದೆ.) ಕಬ್ಬಿಣದ ತೋಳು ಕೆಳಗೆ ಬಂತು. ಒಳಗಿನ ಹಳೆಯ ಬುಷ್ ಒಣಗಿದ ರೊಟ್ಟಿಯಂತೆ ಪುಡಿಪುಡಿ. ಹೊಸದನ್ನು ಫ್ರೀಜರಿನಲ್ಲಿಟ್ಟರೆ ಕುಗ್ಗಿ ಸಲೀಸಾಗಿ ಕೂರುತ್ತದೆಂದು ಎಲ್ಲೋ ಓದಿದ್ದೆ. ಹಿಂದಿನ ದಿನವೇ ಇಟ್ಟಿದ್ದೆ.

"ನಿನ್ನ ಗಂಡ ಐಸ್ ಪೆಟ್ಟಿಗೇಲಿ ಏನೇ ಇಟ್ಟಿದಾನೆ, ಕರ್ರಗೆ?" ಅಡುಗೆಮನೆಯಿಂದ ಅಮ್ಮ.

"ನಿಮ್ಮ ಮಗನೇ ಅಲ್ವಾ, ನೀವೇ ಕೇಳಿ."

"ಕೊಡುವಾಗ ಸರಿಯಾಗಿಯೇ ಇದ್ದ."

ಜಗಳ ಶುರುವಾಯಿತೆಂದು ಓಡಿ ಹೋಗಿ, ಕೈಯೆತ್ತಿ ಶಾಂತಿ ಸ್ಥಾಪಿಸಿ, ಬುಷ್‌ಗಳೊಂದಿಗೆ ಹಿಂತಿರುಗಿದೆ. ಸೋಪಿನ ನೀರು ಸವರಿ, ಕಬ್ಬಿಣ ಹಿಡಿಯುವ ವೈಸಿನಲ್ಲಿ ಸಿಕ್ಕಿಸಿ ಒತ್ತಿದಾಗ ಅವು ನಿಜಕ್ಕೂ ಜಾರಿ ಕೂತವು. ಜೋಡಿಸಿ, ಬೋಲ್ಟು ಬಿಗಿದು ಓಡಿಸಿದರೆ ಕಟಕಟ ಮಾಯ. ಕಿರ್ರೋ ಮಾತ್ರ ಹಾಗೇ ಇದೆ.

ಆಗ ನನ್ನೊಳಗಿನ ವ್ಯಾಪಾರಿ ಎದ್ದ. ನನ್ನ ಅಂಗಡಿಗೆ ಬಂದವರಲ್ಲಿ ಬೆರಳಿನಿಂದ ಒತ್ತಿ ನೋಡುವವರು ಕೊಳ್ಳುವವರಲ್ಲ. ಕೊಳ್ಳುವವರು ಮೈಭಾರ ಬಿಟ್ಟು ಮಲಗುತ್ತಾರೆ. ನಾನು ಕಾರನ್ನು ಮೇಲೆತ್ತಿ ಇಟ್ಟಿದ್ದಾಗಲೇ ಬೋಲ್ಟು ಬಿಗಿದಿದ್ದೆ. ಕಾರು ನೆಲಕ್ಕಿಳಿದಾಗ ರಬ್ಬರು ತಿರುಚಿಕೊಂಡು ಅಳುತ್ತಿತ್ತು. ಭಾರ ಬಿದ್ದಾಗಲೇ ಬಿಗಿಯಬೇಕು! ಕಾರಿನ ಸ್ವಂತ ಭಾರವೇ ಸಾಕಿತ್ತೋ ಏನೋ. ಆದರೆ ಸರಕನ್ನು ಅರೆಬರೆ ಪರೀಕ್ಷಿಸುವವನು ನಾನಲ್ಲ. ಚಕ್ರಗಳನ್ನು ದಪ್ಪ ಹಲಗೆಗಳ ಮೇಲೆ ಹತ್ತಿಸಿ, ಬೋಲ್ಟು ಸಡಿಲಿಸಿ, ಅತ್ತೆ ಸೊಸೆ ಇಬ್ಬರನ್ನೂ ಕರೆದು ಮುಂದಿನ ಸೀಟುಗಳಲ್ಲಿ ಕೂರಿಸಿದೆ.

"ನಾವ್ಯಾಕೆ?" ಅಂದಳು ಹೆಂಡತಿ.

"ತೂಕಕ್ಕೆ."

"ಕೊನೆಗೂ ಬೆಲೆ ಸಿಕ್ತಲ್ಲೇ ನಮಗೆ" ಅಂದಳು ಅಮ್ಮ.

ಕೆಳಗೆ ಮಲಗಿ ಬಿಗಿಯುತ್ತಿದ್ದೇನೆ, ಕಾರು ಅದುರಲು ಶುರುವಾಯಿತು. ಮೊದಲು ಮೆಲ್ಲಗೆ, ಆಮೇಲೆ ಗಡಗಡ. ಮೇಲೆ ಏನೋ ಉಸಿರು ಕಟ್ಟಿದ ಸದ್ದು. ಮುಚ್ಚಿದ ಕಾರಿನೊಳಗೆ ಕೈಕೈ ಮಿಲಾಯಿಸಿದ್ದಾರೆಂದು ಸ್ಪ್ಯಾನರು ಕೈಬಿಟ್ಟೆ.

"ಕಾರಿನೊಳಗಾದ್ರೂ ಸುಮ್ಮನಿರ್ತೀರಾ?" ಕೂಗಿದೆ.

ತಕ್ಷಣ ಎಲ್ಲ ಸ್ತಬ್ಧ. ಈಚೆ ಬಂದಾಗ ಇಬ್ಬರ ಮುಖವೂ ಕೆಂಪು, ಕಣ್ಣಲ್ಲಿ ನೀರು. ಪಾಪ, ಎಷ್ಟು ಬಡಿದಾಡಿಕೊಂಡರೋ, ಅಂದುಕೊಂಡೆ.

ಭಾನುವಾರ ಭಾವಮೈದುನ ಬಂದು ತಾನೇ ಓಡಿಸಿ ನೋಡಿದ. ಉಬ್ಬಿನ ಮೇಲೆ ಹತ್ತಿಸಿದ, ಬೇಕೆಂದೇ ಗುಂಡಿಗಿಳಿಸಿದ. ಕಾರು ತುಟಿಪಿಟಕ್ಕೆನ್ನಲಿಲ್ಲ. ಕೀಲಿಕೈ ಕೊಟ್ಟು ಚಹಾ ಕೂಡ ಕುಡಿಯದೆ ಹೋದ. ಅಂದು ರಾಜನಂತೆ ಮಲಗಿದೆ.

ಮಂಗಳವಾರ ಸಂಜೆ ಮನೆಗೆ ಬಂದೆ. ಬೀದಿಯ ಉಬ್ಬುಗಳ ಮೇಲೆ ಕಾರು ಬೆಣ್ಣೆಯಂತೆ ಜಾರಿ ಶೆಡ್ಡಿಗೆ ಬಂದು ನಿಂತಿತು. ಈ ನಿಶ್ಶಬ್ದದ ಅಂದಕ್ಕೆ ನಾನೇ ಮರುಳಾಗಿ, ಬಾಗಿಲನ್ನೂ ಮೆಲ್ಲಗೆ ಒತ್ತಿ ಹಾಕಿ ಅಡುಗೆಮನೆಯ ಕಿಟಕಿಯ ಪಕ್ಕ ಬಂದೆ. ಒಳಗೆ ನಗು. ಹೆಂಡತಿ ಹಾಗೆ ನಗುತ್ತಾಳೆಂದು ನನಗೆ ಮರೆತೇ ಹೋಗಿತ್ತು.

"'ಇಬ್ಬರೂ ಸುಮ್ಮನಿರಿ. ಈ ಮನೇಲಿ ನಾನೊಬ್ಬ ಇಲ್ಲದಿದ್ರೆ...'" ಇದು ಅಮ್ಮ. ದನಿ ನನ್ನದು.

"ಹಾಗಲ್ಲ ಅತ್ತೆ, ಕೈ ಇನ್ನೂ ಮೇಲೆತ್ತಬೇಕು. ಟ್ರಾಫಿಕ್ ಪೊಲೀಸ್ ಥರ."

ಮತ್ತೆ ನಗು. ಯಾರೋ ಮೇಜು ಬಡಿದರು.

"ಅದಿರ್ಲಿ, ಆ ಸದ್ದು ಹೋಯ್ತಲ್ಲೇ. ಇನ್ನು ಬಂದದ್ದು ಹೇಗೆ ಗೊತ್ತಾಗೋದು?"

"ಅದೇ ಯೋಚನೆ ನನಗೂ. ನಿನ್ನೆ ಬಾಗಿಲಿಗೆ ಬಂದ್ಮೇಲೆ ನೋಡಿದೆ. ಅವಸರಕ್ಕೆ ಜಗಳಕ್ಕೆ ವಿಷಯಾನೇ ಸಿಗಲಿಲ್ಲ. ಫ್ಯಾನ್ ಯಾಕೆ ಹಾಕಿದ್ರಿ ಅಂದೆ. ನೋಡಿದ್ರೆ ಕರೆಂಟೇ ಇಲ್ಲ."

"ಅವನಿಗೆ ಗೊತ್ತಾಗ್ಲಿಲ್ಲ ಬಿಡು. ಕೈ ಎತ್ತೋದರಲ್ಲಿದ್ದ." ಅಮ್ಮ ಮುಂದುವರಿದು ಕೇಳಿದಳು, "ಒಂದಿನ ಜಗಳ ಬಿಟ್ಟುಬಿಟ್ರೆ ಏನಾಗುತ್ತೆ?"

"ಬೇಡ ಅತ್ತೆ. ನಿಮಗೆ ಗಂಟಲು ಕಟ್ಟಿದಾಗ ಬಿಟ್ಟಿರಲಿಲ್ವಾ? ಸಂಜೆಯೆಲ್ಲ ಇಲ್ಲೇ ಕೂತು, ಸ್ಪ್ರಿಂಗ್ ಹಾಸಿಗೆಗೂ ಫೋಮ್ ಹಾಸಿಗೆಗೂ ಏನು ವ್ಯತ್ಯಾಸ ಅಂತ ಹೇಳಿದ್ರು."

"ಹೌದಲ್ಲೇ. ಹೆತ್ತ ತಪ್ಪಿಗೆ ನಾನು ಕೇಳಿದೆ."

"ನಾನು ಯಾವ ತಪ್ಪಿಗೆ ಕೇಳಿದೆ?"

ಇಷ್ಟು ವರ್ಷ ಎರಡೂ ಕಡೆಯಿಂದ ಏಟು ತಿಂದು ಸವೆದ ರಬ್ಬರು ನಾನು ಅಂದುಕೊಂಡಿದ್ದೆ. ಆ ಕಡೆಯೂ ಕಬ್ಬಿಣವಿರಲಿಲ್ಲ, ಈ ಕಡೆಯೂ ಇರಲಿಲ್ಲ. ಸುಮ್ಮನೆ ಒಂದು ರಬ್ಬರು, ತನ್ನಷ್ಟಕ್ಕೆ ತಾನು, ಕಿರ್ರೋ ಅನ್ನುತ್ತಿತ್ತು.

ಒಳಗೆ ನುಗ್ಗಿ ಕೇಳಬಹುದಿತ್ತು. ಕೇಳಿದರೆ ನನಗೆ ಸಿಗುವುದೇನು? ನಾಳೆಯಿಂದ ಜಗಳವಿಲ್ಲದ ಸಂಜೆ, ಎದುರಿಗೆ ನಾನು. ಗಿರಾಕಿಗೆ ಬೇಡದ ಸರಕನ್ನು ಷೋಕೇಸಿನಲ್ಲಿಡುವಷ್ಟು ದಡ್ಡ ವ್ಯಾಪಾರಿ ನಾನಲ್ಲ.

ಹೆಜ್ಜೆಯ ಸದ್ದಾಗದಂತೆ ಶೆಡ್ಡಿಗೆ ವಾಪಸು ಹೋದೆ. ಕಾರಿನ ಬಾಗಿಲು ತೆಗೆದು, ಬೀದಿಗೆಲ್ಲ ಕೇಳುವಂತೆ ಧಡಾರೆಂದು ಹಾಕಿದೆ. ಒಳಗೆ ನಗು ಕತ್ತರಿಸಿದಂತೆ ನಿಂತಿತು. ಒಂದು ಪಾತ್ರೆ ಕುಕ್ಕಿದ ಸದ್ದು. ಆಮೇಲೆ ಹೆಂಡತಿಯ ದನಿ, ಖಾರವಾಗಿ: "ಇದಕ್ಕೆ ಉಪ್ಪು ಯಾರು ಹಾಕಿದ್ದು?"

"ಹಾಕದೇ ಇದ್ದದ್ದು ಯಾರು, ಅದನ್ನ ಮೊದಲು ಹೇಳು."

ಒಳಗೆ ಹೋದೆ. ಇಬ್ಬರೂ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು, ಎಷ್ಟು ಚೆನ್ನಾಗಿ ನಿಂತಿದ್ದರು. ನನ್ನ ಕೈ ತಾನಾಗಿ ಮೇಲೆದ್ದು, ಎಷ್ಟು ಎತ್ತಬೇಕೆಂದು ತಿಳಿಯದೆ ಭುಜದ ಹತ್ತಿರ ನಿಂತಿತು.

"ಇಬ್ಬರೂ ಸುಮ್ಮನಿರಿ" ಅಂದೆ.

ಹೆಂಡತಿ ತುಟಿ ಕಚ್ಚಿಕೊಂಡು ಒಲೆಯ ಕಡೆ ತಿರುಗಿದಳು. ನಾನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ನಾನೇ ಮಾರುವ ಹಾಸಿಗೆಯ ಮೇಲೆ ಕೂತೆ. ಗೋಡೆಯಾಚೆ ಜಗಳ ಇನ್ನೂ ಸ್ವಲ್ಪ ಹೊತ್ತು, ನನ್ನ ಮರ್ಯಾದೆಗೆಂದು, ನಡೆಯಿತು.